ಅವ್ವನ ಅರ್ಧ ಲೋಟ ಕಾಫಿ

ಹೇಮಾವತಿ ಹೊಳೆ ಮೊಣಕೈಯಂತೆ ಬಾಗುವ ಕಡೆ ಒಂದು ಸಣ್ಣ ಆಶ್ರಮವಿತ್ತು. ನಾಲ್ಕು ಕೋಣೆ, ಒಂದು ಅಡುಗೆಮನೆ, ಹೊಳೆಗೆ ಮುಖ ಮಾಡಿದ ಉದ್ದನೆಯ ಜಗಲಿ. ಅಲ್ಲಿದ್ದ ಗುರುವಿಗೆ ಎಪ್ಪತ್ತೊಂಬತ್ತು ವರ್ಷ. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು.

ಅವ್ವ ಉಪನ್ಯಾಸ ಕೊಡುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹೊಳೆಯ ದಂಡೆಯಲ್ಲಿ ನಡೆಯುತ್ತಿದ್ದರು. ಬಂದು ಜಗಲಿಯಲ್ಲಿ ಕೂತು ಅಂಗೈಯಗಲದ ಕಾಗದದ ಮೇಲೆ ಒಂದು ಜಲವರ್ಣದ ಚಿತ್ರ ಬರೆಯುತ್ತಿದ್ದರು. ಬಟ್ಟೆ ಒಣಹಾಕುವ ತಂತಿಯ ಮೇಲೆ ಅದು ಸಂಜೆಯವರೆಗೆ ಒಣಗುತ್ತಿತ್ತು. ಆಮೇಲೆ ಯಾರು ಬಂದರೆ ಅವರ ಪಾಲಿಗೆ.

ಕಾರ್ತಿಕ ಮುಗಿದ ಮೂರನೆಯ ದಿನ ಅಲ್ಲಿಗೆ ವಿಶಾಲಾಕ್ಷಿ ಬಂದಳು. ಅರವತ್ತೆರಡು ವರ್ಷ. ಕಾಲುವೆ ಕಟ್ಟಿಸುವ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಟ್ರೇಸರ್ ಆಗಿದ್ದವಳು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುಕಾಗದ ಹಾಸಿ, ಅದನ್ನು ಗೆರೆಗೆ ಗೆರೆ ಮಸಿಯಲ್ಲಿ ಇಳಿಸುವುದು ಅವಳ ಕೆಲಸ. ವಿಶಾಲಾಕ್ಷಿಯ ಗೆರೆ ಎಂದರೆ ಕಚೇರಿಯಲ್ಲಿ ಮರುಮಾತಿರಲಿಲ್ಲ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಆ ಬಲಗೈ ನಡುಗತೊಡಗಿತು.

ಡಾಕ್ಟರು ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದರು. "ಹೆದರೋಂಥ ಕಾಯಿಲೆ ಏನೂ ಇಲ್ಲಮ್ಮ. ಯಾರಾದರೂ ನೋಡ್ತಿದ್ದರೆ ಜಾಸ್ತಿ ಆಗುತ್ತೆ, ಅಲ್ವಾ? ಸ್ವಲ್ಪ ದಿನ ಕೈಯನ್ನ ಮರೆತುಬಿಡಿ. ಗಿಡ ಮರ ನೋಡ್ಕೊಂಡು ನಡೀರಿ. ಚಿತ್ರ ಬರೀರಿ," ಎಂದರು.

ಕೈಯನ್ನು ಮರೆಯುವುದಕ್ಕೆ ವಿಶಾಲಾಕ್ಷಿ ಒಂದು ಪುಸ್ತಕ ಇಟ್ಟಳು. ದಿನಕ್ಕೊಂದು ಪುಟ. ತಾರೀಖು, ಹೊರಟ ಹೊತ್ತು, ನಡೆದ ಹೆಜ್ಜೆ, ಮರಳಿದ ಹೊತ್ತು. ಪುಟದ ಕೊನೆಗೆ ಸ್ಕೇಲಿಲ್ಲದೆ ಎಳೆದ ಮೂರು ಇಂಚಿನ ಒಂದು ಗೆರೆ. ಗೆರೆ ನೆಟ್ಟಗೆ ಬಂದ ದಿನ ಕೈ ಗುಣವಾಯಿತೆಂದು ಲೆಕ್ಕ. ಒಂದು ದಿನವೂ ನೆಟ್ಟಗೆ ಬಂದಿರಲಿಲ್ಲ.

ಪುಸ್ತಕದಲ್ಲಿ ಇನ್ನು ಇಪ್ಪತ್ತೊಂದು ಪುಟ ಉಳಿದಿದ್ದವು. ಆಶ್ರಮದಲ್ಲಿ ಇರಬೇಕೆಂದು ಬಂದದ್ದೂ ಇಪ್ಪತ್ತೊಂದು ದಿನ.

ಈ ಗಡುವಿಗೆ ಕಾರಣವಿತ್ತು. ಮಾಘದಲ್ಲಿ ತಂಗಿ ವಸುಮತಿಯ ಮಗಳ ಮದುವೆ. ಮದುಮಕ್ಕಳು ಕೂರುವ ಮಣೆಯ ಕೆಳಗೆ ರಂಗೋಲಿಯಲ್ಲಿ ಹಸೆ ಬರೆಯುವುದು ಅವರ ಮನೆತನದಲ್ಲಿ ಹಿರಿಯ ಹೆಣ್ಣುಮಗಳ ಹಕ್ಕು. ಬಂಧುಗಳೆಲ್ಲ ಸುತ್ತ ನಿಂತು ಹಾಡು ಹೇಳುತ್ತಿರುವಾಗ ನಡುವೆ ಒಬ್ಬಳೇ ಕೂತು ಬರೆಯಬೇಕು. ಒಂಬತ್ತು ಮದುವೆಗೆ ವಿಶಾಲಾಕ್ಷಿಯೇ ಬರೆದಿದ್ದಳು. ಈ ಸಲವೂ ನೀನೇ ಅಲ್ವಾ ಅಕ್ಕ ಎಂದು ವಸುಮತಿ ಎರಡು ಸಲ ಫೋನು ಮಾಡಿದ್ದಳು. ಆಶ್ರಮದಿಂದ ಹೇಳುತ್ತೇನೆ ಎಂದು ವಿಶಾಲಾಕ್ಷಿ ತಪ್ಪಿಸಿಕೊಂಡಿದ್ದಳು.

ಮನಸ್ಸಿನಲ್ಲಿ ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಪುಸ್ತಕ ಮುಗಿಯುವುದರೊಳಗೆ ಒಂದೇ ಒಂದು ಗೆರೆ ನೆಟ್ಟಗೆ ಬಂದರೆ ಹಸೆ ಬರೆಯುವುದು. ಬರದಿದ್ದರೆ ಮದುವೆಗೇ ಹೋಗದಿರುವುದು.

"ಏನು ಬೇಕಾಗಿತ್ತು ತಾಯಿ?" ಎಂದು ಅವ್ವ ಕೇಳಿದರು.

"ಬಣ್ಣ ಕಲಿಸಿಕೊಡಿ ಅವ್ವ. ಕೈ ನೆಟ್ಟಗಾಗಬೇಕು."

"ಯಾವ ಕೈ?"

ಬಲಗೈ ಸೆರಗಿನೊಳಗಿತ್ತು. ವಿಶಾಲಾಕ್ಷಿ ಅದನ್ನು ಹೊರಗೆ ತೆಗೆಯಲಿಲ್ಲ. "ಇದೇ," ಎಂದಳು.

ಅವ್ವ ಸೆರಗನ್ನು ನೋಡಿದರು. "ಸೀರೆ ಚೆನ್ನಾಗಿದೆ. ನಾಳೆ ನನ್ನ ಜೊತೆ ನಡಿ."

"ಕೈ ಸರಿಯಿಲ್ಲ ಅಂದ್ರೆ ನಡಿ ಅಂತೀರಲ್ಲ ಅವ್ವ?"

"ಕೈ ಎಲ್ಲಿಗೆ ಹೋಗಬೇಕಾದರೂ ಕಾಲೇ ತಾನೆ ಕರಕೊಂಡು ಹೋಗಬೇಕು?"

ಮರುದಿನ ಬೆಳಿಗ್ಗೆ ಇಬ್ಬರೂ ನಡೆದರು. ಅವ್ವ ಕೋಲೂರಿಕೊಂಡು ಮುಂದೆ, ವಿಶಾಲಾಕ್ಷಿ ತುಟಿ ಅಲ್ಲಾಡಿಸಿಕೊಂಡು ಹಿಂದೆ. ಹೊಳೆಮತ್ತಿ ಮರಗಳ ಸಾಲು ಮುಗಿಯುವವರೆಗೆ ಹೋಗಿ ಬಂದರು.

"ಏನು ಕಂಡೆ?" ಎಂದರು ಅವ್ವ.

"ಎರಡು ಸಾವಿರದ ಎಂಟುನೂರ ಹನ್ನೆರಡು ಹೆಜ್ಜೆ."

"ಅದು ಎಣಿಸಿದ್ದು. ಕಂಡಿದ್ದು?"

ವಿಶಾಲಾಕ್ಷಿ ಯೋಚಿಸಿದಳು. "ಒಂದು ಕಲ್ಲು."

"ಅದು ಹೇಗೆ ಕಂಡಿತು?"

"ಎಡವಿದೆ."

"ಸದ್ಯ. ಕಲ್ಲಾದರೂ ಇತ್ತಲ್ಲ."

ಜಗಲಿಗೆ ಕಾಫಿ ಬಂತು. ಅಡುಗೆಯ ಚೆಲುವಯ್ಯ ವಿಶಾಲಾಕ್ಷಿಯ ಮುಂದೆ ತುಂಬಿದ ಲೋಟ ಇಟ್ಟ. ಅವ್ವನ ಮುಂದೆ ಅರ್ಧ ಲೋಟ ಇಟ್ಟ.

"ಅವ್ವನಿಗೆ ಯಾಕಪ್ಪ ಅರ್ಧ?"

"ಅವರಿಗೆ ಯಾವಾಗಲೂ ಅರ್ಧವೇ ಅಕ್ಕಾವ್ರೇ," ಎಂದು ಚೆಲುವಯ್ಯ ಒಳಗೆ ಹೋದ.

ವಿಶಾಲಾಕ್ಷಿ ಪುಸ್ತಕ ತೆಗೆದು ಬರೆದುಕೊಂಡಳು: ಗುರುಗಳು ಕಾಫಿ ಅರ್ಧ ಲೋಟ ಮಾತ್ರ. ಮಿತಾಹಾರ. ಕಲಿಯತಕ್ಕದ್ದು.

ಆಶ್ರಮದಲ್ಲಿ ಊಟ ಬಡಿಸುವುದು ಸರದಿಯ ಕೆಲಸ. ಎರಡನೆಯ ದಿನ ಸಾರಿನ ಸರದಿ ವಿಶಾಲಾಕ್ಷಿಯದು. ಪಂಕ್ತಿಯವರೆಲ್ಲ ಸೌಟನ್ನೇ ನೋಡುತ್ತಿರುವಂತೆ ಅನಿಸಿತು. ಸೌಟು ಕುಣಿಯಿತು.

"ಅಕ್ಕಾವ್ರೇ, ಸಾರು ಬೀಳಬೇಕಾದ್ದು ಎಲೆಗೆ. ನನ್ನ ಪಂಚೆ ಆಗಲೇ ಊಟ ಮಾಡಿದೆ," ಎಂದ ಚೆಲುವಯ್ಯ.

ಎಲ್ಲರೂ ನಕ್ಕರು. ವಿಶಾಲಾಕ್ಷಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಒಳಗೆ ಹೋದಳು. ಮತ್ತೆ ಬಡಿಸಲು ಬರಲಿಲ್ಲ.

ನಾಲ್ಕು ದಿನ ಬರೀ ನಡಿಗೆ. ಐದನೆಯ ದಿನ ಅವ್ವ ಅವಳಿಗೊಂದು ಬ್ರಷ್ಷು, ಒಂದು ಬಣ್ಣದ ಡಬ್ಬಿ, ನಾಲ್ಕು ಹಾಳೆ ಕಾಗದ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು.

ವಿಶಾಲಾಕ್ಷಿ ಅವ್ವನ ಎಡಗಡೆ ಕೂತಳು. ಅವಳ ಕಣ್ಣು ತನ್ನ ಕಾಗದದ ಮೇಲೆ, ಇಲ್ಲದಿದ್ದರೆ ತನ್ನ ಕೈಯ ಮೇಲೆ. ಬೇರೆಯವರ ಕೈ ನೋಡದಿರುವುದು ಅವಳಿಗೆ ಈಚೆಗೆ ರೂಢಿಯಾಗಿತ್ತು. ತಾನು ಅವರದನ್ನು ನೋಡಿದರೆ ಅವರು ತನ್ನದನ್ನು ನೋಡುತ್ತಾರಲ್ಲ.

ಅವ್ವನ ಚಿತ್ರಗಳಲ್ಲಿ ಅವಳಿಗೆ ಅರ್ಥವಾಗದ ಒಂದು ಸಂಗತಿಯಿತ್ತು. ಅವರ ಹೊಳೆ ಕಾಗದದ ಮೇಲೆ ಮಿನುಗುತ್ತಿತ್ತು. ಬೆಳಗಿನ ಬಿಸಿಲು ಈಗತಾನೇ ತಾಗಿದ ಹಾಗೆ, ಗಾಳಿಗೆ ಮೈ ಜುಮ್ಮೆಂದ ಹಾಗೆ. ಆ ನೀರನ್ನು ಹೇಗೆ ಬರೆಯುತ್ತಾರೋ ತಿಳಿಯಲಿಲ್ಲ.

ತಿಳಿಯದಿದ್ದಾಗ ಟ್ರೇಸರ್ ಏನು ಮಾಡುತ್ತಾಳೋ ಅದನ್ನೇ ಅವಳು ಮಾಡಿದಳು. ಮಧ್ಯಾಹ್ನ ಅವ್ವ ಮಲಗಿದ್ದಾಗ ತಂತಿಯಿಂದ ಚಿತ್ರ ತೆಗೆದಳು. ಅದನ್ನು ಕಿಟಕಿಯ ಗಾಜಿಗೆ ಹಿಡಿದು, ಮೇಲೆ ತನ್ನ ಕಾಗದ ಇಟ್ಟು, ಅಲೆಗೆ ಅಲೆ ಪೆನ್ಸಿಲಿನಲ್ಲಿ ಇಳಿಸಿಕೊಂಡಳು. ಆಮೇಲೆ ಬಣ್ಣ ತುಂಬಿದಳು.

ನೀಲಿ ಗೆರೆ ದಾಟಿತು. ಅವಳು ಚೀಲದಿಂದ ಅರ್ಧ ಬ್ಲೇಡು ತೆಗೆದಳು. ಕಚೇರಿಯಲ್ಲಿ ಮಸಿ ದಾಟಿದರೆ ಕೆರೆದು ತೆಗೆಯುವುದು ವಾಡಿಕೆ. ಕೆರೆದಳು. ಬಣ್ಣ ಇನ್ನೂ ಒಳಗಿಳಿಯಿತು. ಇನ್ನೂ ಕೆರೆದಳು. ಒದ್ದೆ ಕಾಗದ ತೂತು ಬಿತ್ತು.

ತಲೆಯೆತ್ತಿದರೆ ಅವ್ವ ಬಾಗಿಲಲ್ಲಿ ನಿಂತಿದ್ದರು.

ವಿಶಾಲಾಕ್ಷಿ ಬ್ಲೇಡನ್ನು ಕೆಳಗಿಟ್ಟಳು. ಅವ್ವ ಆ ಕಾಗದವನ್ನು ಕಣ್ಣಿಗೆ ಹಿಡಿದು ತೂತಿನಿಂದ ಹೊಳೆಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು.

"ಈ ಚಿತ್ರದಲ್ಲಿ ಹೊಳೆ ಕಾಣೋದು ಇದೊಂದೇ ಜಾಗದಲ್ಲಿ," ಎಂದರು.

ಆಮೇಲೆ ಬ್ಲೇಡನ್ನು ತೆಗೆದುಕೊಂಡು ಚೆಲುವಯ್ಯನನ್ನು ಕೂಗಿದರು. "ತಗೋ. ಹಾಲಿನ ಪ್ಯಾಕೆಟ್ ಕತ್ತರಿಸೋಕೆ ಆಗುತ್ತೆ."

ಅಂದಿನಿಂದ ವಿಶಾಲಾಕ್ಷಿ ಚಿತ್ರಕ್ಕೆ ಪೆನ್ಸಿಲ್ ಮುಟ್ಟಲಿಲ್ಲ. ಹೆಜ್ಜೆ ಎಣಿಸುವುದನ್ನು ಮಾತ್ರ ಬಿಡಲಿಲ್ಲ.

ಒಂಬತ್ತನೆಯ ದಿನ ಮರಳಿನ ದಿಬ್ಬದ ಮೇಲೆ ಒಂದು ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತಿತ್ತು. ಅದನ್ನು ನೋಡುತ್ತ ಅವಳ ಎಣಿಕೆ ಒಂಬೈನೂರರಲ್ಲಿ ತಪ್ಪಿತು. ಜಗಲಿಗೆ ಬಂದು ಡಬ್ಬಿ ಹುಡುಕಿದಳು.

"ಅವ್ವ, ಇದರಲ್ಲಿ ಬಿಳಿ ಬಣ್ಣವೇ ಇಲ್ಲ."

"ಇಲ್ಲ."

"ಬೆಳ್ಳಕ್ಕಿ ಬರೀಬೇಕು. ಬಿಳಿ ಎಲ್ಲಿಂದ ತರಲಿ?"

"ನೀನು ತರೋಕೆ ಮುಂಚೆನೇ ಕಾಗದದ ಮೇಲೆ ಇದೆಯಲ್ಲ. ಅದನ್ನ ಮುಟ್ಟಬೇಡ. ಸುತ್ತಲಿನ ನೀರು ಬರಿ."

ಅವಳು ನೀರು ಬರೆದಳು. ಬರೆಯದೆ ಬಿಟ್ಟ ಜಾಗದಲ್ಲಿ ಹಕ್ಕಿಯೊಂದು ಬಂದು ನಿಂತಿತು. ಕೊಕ್ಕು ಬಾತುಕೋಳಿಯ ಹಾಗಿತ್ತು. ಆದರೂ ಹಕ್ಕಿ.

ಹನ್ನೆರಡನೆಯ ದಿನ ಅವಳು ಬ್ರಷ್ಷನ್ನು ನೀರಿನ ಲೋಟಕ್ಕೆ ಅದ್ದುವ ಬದಲು ತನ್ನ ಕಾಫಿ ಲೋಟಕ್ಕೆ ಅದ್ದಿದಳು. ಅದ್ದಿದ್ದಷ್ಟೇ ಅಲ್ಲ, ಕಾಗದದ ಮೇಲೆ ಎಳೆದೂ ಬಿಟ್ಟಳು.

"ಅಯ್ಯಯ್ಯೋ!"

ಅವ್ವ ಬಗ್ಗಿ ನೋಡಿದರು. "ದಿಬ್ಬದ ಮರಳು ಸರಿಯಾಗಿ ಇದೇ ಬಣ್ಣ. ಹದಿನೈದು ವರ್ಷದಿಂದ ಹುಡುಕ್ತಾ ಇದ್ದೆ ನಾನು." ಚೆಲುವಯ್ಯನ ಕಡೆ ತಿರುಗಿದರು. "ಡಿಕಾಕ್ಷನ್ ಮಿಕ್ಕಿದೆಯೇನೋ?"

"ಬರೆಯೋಕಾ, ಕುಡಿಯೋಕಾ?"

"ಎರಡಕ್ಕೂ."

ವಿಶಾಲಾಕ್ಷಿ ಆಶ್ರಮಕ್ಕೆ ಬಂದ ಮೇಲೆ ಮೊದಲ ಸಲ ನಕ್ಕಳು.

ನಗು ಬಂದರೂ ಗೆರೆ ಬರಲಿಲ್ಲ. ಪ್ರತಿ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕ ತೆಗೆಯುತ್ತಿದ್ದಳು. ಉಸಿರು ಹಿಡಿದು ಮೂರು ಇಂಚು ಎಳೆಯುತ್ತಿದ್ದಳು. ಮೊದಲ ಇಂಚು ಕೈ ಮಾತು ಕೇಳುತ್ತಿತ್ತು. ಆಮೇಲೆ ಅದರ ಪಾಡಿಗೆ ಅದು. ಹದಿನಾರನೆಯ ದಿನದ ಗೆರೆ ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಅವಳು ಪುಸ್ತಕ ಮುಚ್ಚಿ ಜಗಲಿಗೆ ಬಂದಳು.

"ನಾಳೆ ನಡಿಗೆ ಮುಗಿಸಿ ಹೊರಡ್ತೀನಿ ಅವ್ವ."

"ಇನ್ನೂ ಐದು ದಿನ ಇದೆಯಲ್ಲ?"

"ಐದು ದಿನದಲ್ಲಿ ಆಗೋದಲ್ಲ ಇದು." ಆಗ ಹಸೆಯ ವಿಷಯ ಹೇಳಿದಳು. ವಸುಮತಿಯ ಫೋನಿನ ವಿಷಯ ಹೇಳಿದಳು. ಮದುವೆಗೆ ಹೋಗದಿರುವ ತೀರ್ಮಾನವನ್ನೂ ಹೇಳಿದಳು. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಅವಳು.

ಅವ್ವ ಎಲ್ಲ ಕೇಳಿದರು. "ಮದುವೆಗೆ ಎಷ್ಟು ಜನ?"

"ಮುನ್ನೂರಾದರೂ ಇರ್ತಾರೆ."

"ಅಷ್ಟೂ ಜನ ನಿನ್ನ ಕೈ ನೋಡೋಕೆ ಬರ್ತಾರಾ?"

"ಮತ್ತೆ?"

"ನಾನು ಊಟಕ್ಕೆ ಬರ್ತಾರೆ ಅಂದ್ಕೊಂಡಿದ್ದೆ."

"ತಮಾಷೆ ಮಾಡಬೇಡಿ ಅವ್ವ."

ಅವ್ವ ಬಣ್ಣದ ಡಬ್ಬಿ ಮುಚ್ಚಿದರು. "ಆಯ್ತು, ನಾಳೆ ಸ್ವಲ್ಪ ದೂರ ಹೋಗೋಣ. ಹಳ್ಳ ದಾಟಿ ಆಚೆ," ಎಂದರು.

ಮರುದಿನ ಮಂಜು ಹೊಳೆಯನ್ನು ಮುಚ್ಚಿತ್ತು. ಹೊಳೆಮತ್ತಿ ಸಾಲಿನ ಕೊನೆಗೆ ಒಂದು ಹಳ್ಳ ಬಂದು ಹೊಳೆಗೆ ಸೇರುತ್ತದೆ. ದಾಟಲು ಏಳು ಕಲ್ಲು. ನೀರು ಮೊಣಕಾಲಿನಷ್ಟು, ಆದರೆ ಸೆಳೆತವಿತ್ತು. ವಿಶಾಲಾಕ್ಷಿ ಮುಂದೆ ಹೋದಳು. ಐದನೆಯ ಕಲ್ಲಿನ ಮೇಲೆ ನಿಂತಾಗ ಹಿಂದೆ ಕೋಲು ಬಿದ್ದ ಸದ್ದು ಕೇಳಿಸಿತು.

ತಿರುಗಿದಳು. ಅವ್ವನ ಕೋಲು ನೀರಿನಲ್ಲಿ ತೇಲಿಹೋಗುತ್ತಿತ್ತು. ಅವ್ವ ನಾಲ್ಕನೆಯ ಕಲ್ಲಿನ ಮೇಲೆ ವಾಲಿ ನಿಂತಿದ್ದರು.

ಯೋಚಿಸಲು ಹೊತ್ತಿರಲಿಲ್ಲ. ವಿಶಾಲಾಕ್ಷಿ ಸೆರಗಿನಿಂದ ಬಲಗೈ ಹೊರತೆಗೆದು ಚಾಚಿದಳು. ಅವ್ವ ಅದನ್ನು ಹಿಡಿದುಕೊಂಡರು. ಒಂದೊಂದೇ ಕಲ್ಲು. ಆಚೆ ದಡದ ಬಂಡೆಯ ಮೇಲೆ ಇಬ್ಬರೂ ಕುಸಿದು ಕೂತರು.

ಹಿಡಿದ ಕೈಗಳು ಹಾಗೇ ಇದ್ದವು. ನಡುಗುತ್ತಿದ್ದವು.

"ಕ್ಷಮಿಸಿ ಅವ್ವ. ನನ್ನ ಕೈ ಹೀಗೇ," ಎಂದು ವಿಶಾಲಾಕ್ಷಿ ತನ್ನ ಕೈಯನ್ನು ಎಳೆದುಕೊಂಡಳು.

ಅವಳ ಕೈ ಮಡಿಲಿಗೆ ಬಂತು. ಅವ್ವನ ಕೈ ಇದ್ದಲ್ಲೇ ಇತ್ತು. ಅದು ಇನ್ನೂ ನಡುಗುತ್ತಿತ್ತು.

ವಿಶಾಲಾಕ್ಷಿ ಆ ಕೈಯನ್ನು ನೋಡಿದಳು. ತನ್ನದನ್ನು ನೋಡಿದಳು. ಮತ್ತೆ ಆ ಕೈಯನ್ನು ನೋಡಿದಳು. ಅದು ತನ್ನದಕ್ಕಿಂತ ಹೆಚ್ಚಾಗಿ ನಡುಗುತ್ತಿತ್ತು.

"ಚಳಿಯಾ ಅವ್ವ?"

"ಚಳಿಯಲ್ಲ."

"ಮತ್ತೆ... ಎಷ್ಟು ದಿನದಿಂದ?"

"ಹನ್ನೊಂದು ವರ್ಷ ಆಯ್ತು."

ಹಳ್ಳದ ನೀರು ಹರಿಯುತ್ತಿತ್ತು. ಮಂಜಿನೊಳಗೆ ಎಲ್ಲೋ ಮಿಂಚುಳ್ಳಿ ಕೂಗಿತು.

"ಹಾಗಾದರೆ ಆ ಅರ್ಧ ಲೋಟ ಕಾಫಿ?"

"ತುಂಬಿಸಿ ಕೊಟ್ಟರೆ ಮಿಕ್ಕಿದ್ದನ್ನ ಸೀರೆ ಕುಡಿಯುತ್ತೆ. ಚೆಲುವಯ್ಯನಿಗೆ ಒಗೆಯೋ ಕೆಲಸ."

"ನಾನು ಮಿತಾಹಾರ ಅಂತ ಬರ್ಕೊಂಡಿದ್ದೀನಿ!"

"ಏನಂತ?"

"ಗುರುಗಳದು ಮಿತಾಹಾರ. ಕಲಿಯತಕ್ಕದ್ದು."

ಅವ್ವ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ವಿಶಾಲಾಕ್ಷಿಗೂ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅದನ್ನು ಅವಳು ಬಲಗೈಯಿಂದಲೇ ಒರೆಸಿಕೊಂಡಳು. ಎದೆಯ ಮೇಲಿಂದ ಯಾರೋ ಒಂದು ಚೀಲ ಇಳಿಸಿದಂತಾಯಿತು.

"ಏನು ಕಂಡೆ ಈವತ್ತು?" ಎಂದರು ಅವ್ವ.

"ನಿಮ್ಮ ಕೈ."

"ಹೆಜ್ಜೆ ಎಷ್ಟಾಯ್ತು?"

ವಿಶಾಲಾಕ್ಷಿ ದಾಟಿ ಬಂದ ಕಲ್ಲುಗಳ ಕಡೆ ನೋಡಿದಳು. "ಎಣಿಸಲಿಲ್ಲ."

ಆ ದಿನ ಅವಳು ಜಗಲಿಯಲ್ಲಿ ಅವ್ವನ ಎದುರಿಗೆ ಕೂತಳು. ಅವ್ವ ಬ್ರಷ್ಷನ್ನು ನೀಲಿಯಲ್ಲಿ ಅದ್ದಿದರು. ಕಾಗದಕ್ಕೆ ತಾಗಿಸಿದರು. ಕೈ ನಡುಗಿತು. ನೀರು ಮಿನುಗಿತು.

ವಿಶಾಲಾಕ್ಷಿ ಚಿತ್ರ ಮುಗಿಯುವವರೆಗೆ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ತನ್ನ ಕಾಗದ ತೆಗೆದುಕೊಂಡಳು.

ಮಧ್ಯಾಹ್ನ ಪಂಕ್ತಿಗೆ ಬಂದು ಸಾರಿನ ಪಾತ್ರೆಯನ್ನು ತಾನೇ ಎತ್ತಿಕೊಂಡಳು.

"ಚೆಲುವಯ್ಯ, ಪಂಚೆ ಮೇಲೆ ಕಟ್ಟಿಕೊಳ್ಳಪ್ಪ."

"ಬಡಿಸಿ ಅಕ್ಕಾವ್ರೇ. ಈವತ್ತು ಹಳೇದು ಉಟ್ಕೊಂಡಿದ್ದೀನಿ," ಎಂದ ಚೆಲುವಯ್ಯ.

ಎರಡು ಹನಿ ಬಿದ್ದವು. ಊಟ ಸಾಗಿತು.

ಅಂದು ಅವಳು ಹೊರಡಲಿಲ್ಲ. ಮರುದಿನವೂ ಹೊರಡಲಿಲ್ಲ. ಹತ್ತೊಂಬತ್ತನೆಯ ದಿನ ಪುಸ್ತಕ ತೆಗೆದಾಗ ಎರಡು ಪುಟ ಖಾಲಿ ಇದ್ದವು. ಗೆರೆ ಎಳೆಯುವುದು ಮರೆತೇ ಹೋಗಿತ್ತು. ಅವಳ ಜೀವಮಾನದಲ್ಲಿ ಖಾಲಿ ಬಿಟ್ಟ ಪುಟಗಳು ಅವೆರಡೇ. ಅವುಗಳ ಮೇಲೆ ಹಳ್ಳದ ಏಳು ಕಲ್ಲುಗಳನ್ನು ಬರೆದಳು. ಮಂಜಿಗೆ ಬಣ್ಣ ಹಾಕಲಿಲ್ಲ. ಕಾಗದವನ್ನು ಹಾಗೇ ಬಿಟ್ಟಳು.

ಸಂಜೆ ಚೆಲುವಯ್ಯನ ಮೊಬೈಲು ಕೇಳಿಕೊಂಡು ತಂಗಿಗೆ ಫೋನು ಮಾಡಿದಳು.

"ವಸೂ, ಹಸೆ ನಾನೇ ಬರೀತೀನಿ ಕಣೇ. ಗೆರೆ ಸ್ವಲ್ಪ ಅಲೆ ಅಲೆಯಾಗಿ ಬರುತ್ತೆ. ಪರವಾಗಿಲ್ವಾ?"

"ಅಯ್ಯೋ ಅಕ್ಕಾ, ಸದ್ಯ ಒಪ್ಪಿದೆಯಲ್ಲ! ನೀನು ಬರಲ್ಲ ಅಂದ್ರೆ ನಾನೇ ಬರೀಬೇಕಾಗಿತ್ತು. ನಾನು ಬರೆದರೆ ಕೋಳಿ ಕೆದರಿದ ಹಾಗಿರುತ್ತೆ, ಬೀಗರು ಎದ್ದುಹೋಗ್ತಾರೆ," ಎಂದಳು ವಸುಮತಿ. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಅಲೆ ಅಂದ್ರೆ ಹೊಸ ಡಿಸೈನಾ?"

"ಹೂಂ ಕಣೇ. ಹೊಸದು," ಎಂದಳು ವಿಶಾಲಾಕ್ಷಿ.

ಇಪ್ಪತ್ತೊಂದನೆಯ ದಿನ ಬಸ್ಸಿನ ಹೊತ್ತಾಯಿತು. ಅವಳು ಚೀಲ ಎತ್ತಿಕೊಂಡು ಅವ್ವನ ಕಾಲಿಗೆ ನಮಸ್ಕರಿಸಿದಳು. ಅವ್ವ ಗೇಟಿನವರೆಗೆ ಹೊಸ ಕೋಲೂರಿಕೊಂಡು ಬಂದರು.

ಗೇಟು ದಾಟಿದ ವಿಶಾಲಾಕ್ಷಿ ನಿಂತಳು. ತಿರುಗಿದಳು. ಹಳೆಯ ಅಭ್ಯಾಸ, ಬಲಗೈ ಸೆರಗಿನ ಕಡೆ ಹೋಗುತ್ತಿತ್ತು.

"ಹೂಂ ಅಂದುಬಿಟ್ಟೆ ಅವ್ವ. ಆದರೆ ಮದುವೆಮನೆ. ಅಷ್ಟೊಂದು ದೀಪ. ಸುತ್ತ ಮೈಗೆ ಮೈ ತಾಗೋ ಹಾಗೆ ನಿಂತಿರ್ತಾರೆ. ಅಷ್ಟು ಹತ್ತಿರ ಇದ್ದವರಿಗೆ ನನ್ನ ಕೈ ನಡುಗೋದು ಕಾಣದೆ ಇರುತ್ತಾ?"

ಅವ್ವ ಅವಳ ಬಿಗಿದ ಮುಖವನ್ನು ನೋಡಿ, ತಮ್ಮ ನಡುಗುವ ಕೈಯಿಂದ ಅವಳ ಸೆರಗನ್ನು ಹಿಂದಕ್ಕೆ ಸರಿಸಿದರು.

"ಹದಿನಾರು ದಿನ ನೀನು ನನ್ನ ಪಕ್ಕದಲ್ಲೇ ಇದ್ದೆಯಲ್ಲ, ವಿಶಾಲೂ."